ಬೂಝಿ ಊರಿನ ದ್ರಾಕ್ಷಿ, ನಂದಿ ತಪ್ಪಲಿನ ದ್ರಾಕ್ಷಿ



ದ್ರಾಕ್ಷಿ ಚಪ್ಪರವಿರುವ ಮನೆಯಲ್ಲಿ ಬೋರ್ಡೋ ದ್ರಾವಣ ಕಲಸದವರು ಯಾರೂ ಇರಲಾರರು. ೧ ಕೆ.ಜಿ. ಮೈಲುತುತ್ತ, ೧ ಕೆ.ಜಿ. ಸುಣ್ಣ, ೧೦೦ ಲೀಟರ್ ನೀರು. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಇದು ನಿಮಗೆಲ್ಲ ತಿಳಿದ ಲೆಕ್ಕ. ಆದರೆ ಈ ಬೋರ್ಡೋ ಎಂಬುದು ಔಷಧದ ಹೆಸರಲ್ಲ, ಫ್ರಾನ್ಸ್ ದೇಶದ ಒಂದು ಪಟ್ಟಣದ ಹೆಸರು ಎಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿಯ ರೈತರು ದಾರಿಯ ಪಕ್ಕದ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲೆಂದು ಬಳ್ಳಿಗೆ ಮೈಲುತುತ್ತ ಸುಣ್ಣ ಬಳಿಯುತ್ತಿದ್ದರು. ಸುಮಾರು ೧೮೮೨ರಲ್ಲಿ ಮಿಯಾರ್ದೆ ಎಂಬ ಸಸ್ಯಶಾಸ್ತ್ರಜ್ಞರು ನೋಡುತ್ತಾರೆ, ದಾರಿಯ ಅಂಚಿನ ಬಳ್ಳಿಗೆ ಮಾತ್ರ ಬೂಜು ರೋಗವಿಲ್ಲ! ೧೮೮೫ರಲ್ಲಿ ಅವರು ಅದನ್ನು ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ರೋಗಕ್ಕೆ ಮದ್ದಾಯಿತು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸಿದ ಡಾ. ಲೆಸ್ಲಿ ಕೋಲ್ಮನ್ ಅವರು ಇದೇ ದ್ರಾವಣವನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿ ತೋಟಗಳನ್ನು ಉಳಿಸಿದರು. ನಮ್ಮ ಹೆಬ್ಬಾಳದ ಕೃಷಿ ಶಾಲೆಯ ಹೆಸರಿನೊಂದಿಗೆ ಅವರ ಹೆಸರೂ ಸೇರಿಕೊಂಡಿದೆ.

ಹೀಗೆ ಫ್ರಾನ್ಸಿನ ದ್ರಾಕ್ಷಿಗಾರನ ಅನುಭವ ನಮ್ಮ ಡ್ರಮ್ಮಿನೊಳಗೆ ಬಂದು ನೂರು ವರ್ಷದ ಮೇಲಾಯಿತು. ಈ ಸಲ ನಾನು ತಿಳಿಸಬೇಕೆಂದಿರುವುದು ಆ ದೇಶದ ಇನ್ನೊಂದು ಅನುಭವ. ಅದು ಔಷಧದ ವಿಷಯವಲ್ಲ, ಬೆಲೆಯ ವಿಷಯ. ಬೂಝಿ ಎಂಬ ಒಂದು ಸಣ್ಣ ಹಳ್ಳಿಗೂ ಯಲಹಂಕದಿಂದ ಮೇಲಕ್ಕೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದವರೆಗೆ ಹಬ್ಬಿರುವ ನಮ್ಮ ದ್ರಾಕ್ಷಿ ಸೀಮೆಗೂ ಒಂದು ನಂಟಿದೆ. (ಊರಿನ ಹೆಸರು ಬೂಝಿ ಎಂದಾದರೂ ಬೂಜು ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ರೋಗ ಅಲ್ಲಿಯೂ ಇದೆ, ಅಷ್ಟೆ.)

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೂಝಿಯವರು ದ್ರಾಕ್ಷಿಯಿಂದ ವೈನ್ ಮಾಡುತ್ತಾರೆ. ಕುಡಿತದಿಂದ ಕೆಟ್ಟ ಮನೆಗಳು ನಮ್ಮ ಪ್ರತಿ ಊರಿನಲ್ಲಿಯೂ ಇವೆ. ಅದನ್ನು ನೋಡುತ್ತ ನಿಮಗೆ ಕುಡಿಯಿರೆಂದು ಹೇಳುವ ಕೆಲಸ ನನ್ನದಲ್ಲ. ಮಾರುವುದಕ್ಕೆಂದು ಮನೆಯಲ್ಲಿ ವೈನ್ ತಯಾರಿಸುವುದು ಪರವಾನಗಿಯಿಲ್ಲದೆ ಅಪರಾಧವೂ ಹೌದು. ನಾವು ನೋಡಬೇಕಾದುದು ದ್ರಾಕ್ಷಿ ಬೆಳೆದವನ ಕೈಗೆ ಏನು ದಕ್ಕಿತು, ಹೇಗೆ ದಕ್ಕಿತು ಎಂಬುದನ್ನು.

ಬೂಝಿ ಇರುವುದು ಫ್ರಾನ್ಸಿನ ಈಶಾನ್ಯಕ್ಕೆ, ಶಾಂಪೇನ್ ಎಂಬ ಸೀಮೆಯ ಮಾರ್ನ್ ಜಿಲ್ಲೆಯಲ್ಲಿ. ಜನಸಂಖ್ಯೆ ಸಾವಿರಕ್ಕೂ ಕಡಿಮೆ. ಅಂದರೆ ನಮ್ಮ ಜಾಲ ಹೋಬಳಿಯ ಒಂದು ನಡುತರ ಹಳ್ಳಿಯಷ್ಟು. ಊರಿನ ಮೇಲುಭಾಗದಲ್ಲಿ ಕಾಡಿನ ಗುಡ್ಡ, ಅದರ ತೆಂಕಣ ಇಳಿಜಾರಿನಲ್ಲಿ ದ್ರಾಕ್ಷಿ, ಕೆಳಗೆ ಬಯಲು. ದ್ರಾಕ್ಷಿ ನೆಲವೆಲ್ಲ ಸೇರಿ ೯೦೦ ಎಕರೆಯ ಆಸುಪಾಸು. ಮೇಲ್ಮಣ್ಣಿನ ಕೆಳಗೆ ಸೀಮೆಸುಣ್ಣದಂತಹ ಬಿಳಿ ಕಲ್ಲು; ಮಳೆ ಬಂದಾಗ ನೀರು ಹೀರಿಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ.

ನಮ್ಮ ಹಾಗೆ ತಲೆಯ ಮೇಲೆ ಚಪ್ಪರ ಅಲ್ಲಿಲ್ಲ. ಸೊಂಟದೆತ್ತರದ ತಂತಿಗೆ ಸಾಲಾಗಿ ಬಳ್ಳಿ ಕಟ್ಟಿರುತ್ತಾರೆ. ಎಕರೆಗೆ ಸುಮಾರು ೩,೦೦೦ ಬಳ್ಳಿ. ನಮ್ಮಲ್ಲಿ ಕೆಲವು ನೂರು ಬಳ್ಳಿಗೇ ಚಪ್ಪರ ತುಂಬುತ್ತದೆ. ಚಳಿಗಾಲದಲ್ಲಿ ಅಲ್ಲಿಯ ಬಳ್ಳಿ ಎಲೆ ಉದುರಿಸಿ ಹಿಮದಲ್ಲಿ ಮಲಗುತ್ತದೆ, ಏಪ್ರಿಲ್ ಹೊತ್ತಿಗೆ ಕಣ್ಣು ಬಿಡುತ್ತದೆ, ಸೆಪ್ಟೆಂಬರಿನಲ್ಲಿ ಕೊಯ್ಲು. ವರ್ಷಕ್ಕೆ ಒಂದೇ ಬೆಳೆ. ಕಣ್ಣು ಬಿಟ್ಟ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಗತಿ ಅಲ್ಲಿಗೆ ಮುಗಿಯಿತು. ಆದುದರಿಂದ ಆ ರಾತ್ರಿಗಳಲ್ಲಿ ಸಾಲಿನ ನಡುವೆ ಬೆಂಕಿ ಹಚ್ಚಿ ಕಾಯುತ್ತಾರೆ. ನಮ್ಮ ಬಳ್ಳಿಗೆ ನಿದ್ದೆಯೆಂಬುದೇ ಇಲ್ಲ. ಸವರಿದಾಗ ಚಿಗುರುತ್ತದೆ, ಬೆಂಗಳೂರು ಬ್ಲೂ ಆದರೆ ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತೇವೆ. ಎರಡೂ ಸೇರಿ ಎಕರೆಗೆ ಹತ್ತು ಹದಿನೈದು ಟನ್ ತೆಗೆಯುವವರು ನಮ್ಮಲ್ಲಿ ಇದ್ದಾರೆ. ಬೂಝಿಯವರಿಗೆ ಈಚಿನ ವರ್ಷಗಳಲ್ಲಿ ಎಕರೆಗೆ ನಾಲ್ಕು ಟನ್ನಿನ ಆಸುಪಾಸು. ಅದಕ್ಕಿಂತ ಹೆಚ್ಚು ಬಂದರೂ ಶಾಂಪೇನ್ ಹೆಸರಿನಲ್ಲಿ ಮಾರುವಂತಿಲ್ಲ.

ಈ ಕೊನೆಯ ಮಾತನ್ನು ಚಪ್ಪರದ ಕೆಳಗೆ ಕುಳಿತು ಹೇಳಿದಾಗ ಒಬ್ಬ ಯಜಮಾನರು ನಕ್ಕರು. "ಏನ್ ಸಾರ್, ಬೆಳೆದ ಬೆಳೆ ಮಾರಬೇಡ ಅಂತಾರಾ? ಅಂಥ ಸರ್ಕಾರ ನಮಗೆ ಬೇಡಪ್ಪ." ಆಮೇಲೆ ಅವರೇ ಕೇಳಿದರು, "ಆಯ್ತು, ಕೆ.ಜಿ.ಗೆ ಏನ್ ಕೊಡ್ತಾರೆ ಹೇಳಿ."

ಶಾಂಪೇನ್ ಸೀಮೆಯಲ್ಲಿ ಈಚಿನ ವರ್ಷಗಳಲ್ಲಿ ಕೆ.ಜಿ.ಗೆ ಆರು ಯೂರೋ ಮೇಲೆ, ಅಂದರೆ ನಮ್ಮ ಲೆಕ್ಕದಲ್ಲಿ ೫೦೦ ರೂಪಾಯಿಗೂ ಮೇಲೆ. ಯಜಮಾನರು ಸುಮ್ಮನಾದರು. ಅಲ್ಲಿ ಕೂಲಿಯೂ ಹೆಚ್ಚು, ಎಲ್ಲ ಖರ್ಚೂ ಹೆಚ್ಚು. ಅಂಕಿಗೆ ಅಂಕಿ ಹೋಲಿಸಿ ನಿಟ್ಟುಸಿರು ಬಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ಬೆಲೆ ಬಂದದ್ದು ಮಣ್ಣಿನಿಂದಲೇ, ತಳಿಯಿಂದಲೇ ಎಂದು ತಿಳಿದರೆ ತಪ್ಪಾಗುತ್ತದೆ. ನೂರು ಚಿಲ್ಲರೆ ವರ್ಷದ ಹಿಂದೆ ಅದೇ ಮಣ್ಣು, ಅದೇ ತಳಿ ಇದ್ದಾಗ ಅಲ್ಲಿಯ ರೈತ ಹಸಿದಿದ್ದ.

ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದಿಂದ ತಂದ ಬಳ್ಳಿಗಳ ಜೊತೆ ಫಿಲೋಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿಗೆ ಬಂತು. ೧೮೬೦ರ ದಶಕದಿಂದ ಅದು ಒಂದೊಂದೇ ಸೀಮೆಯ ತೋಟವನ್ನು ಬುಡದಿಂದ ತಿಂದು ಹಾಕಿತು. ಕೊನೆಗೆ ಸಿಕ್ಕ ಪರಿಹಾರವೂ ಅಮೆರಿಕದ್ದೇ. ಆ ಹೇನನ್ನು ತಡೆಯುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಫ್ರಾನ್ಸಿನ ಕಡ್ಡಿಯನ್ನು ಕಸಿ ಕಟ್ಟಿದರು. ಇಂದಿಗೂ ಅಲ್ಲಿಯ ಬಹುಪಾಲು ದ್ರಾಕ್ಷಿ ನಿಂತಿರುವುದು ಹಾಗೆಯೇ. ನಮ್ಮಲ್ಲಿ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುತ್ತೀರಲ್ಲ, ಅದೂ ಅಮೆರಿಕದ ಮೂಲದ್ದೇ. ನಮಗೆ ಅದು ಬೇಕಾಗಿರುವುದು ಹೇನಿಗಾಗಿ ಅಲ್ಲ, ಉಪ್ಪು ನೀರು ಮತ್ತು ನೀರಿನ ಅಭಾವ ತಾಳುವುದಕ್ಕಾಗಿ.

ತೋಟ ಕಿತ್ತು ಹೊಸದಾಗಿ ನೆಡುವ ಸಾಲದ ಹೊರೆ ರೈತನ ಮೇಲೆ ಬಿತ್ತು. ಅದೇ ಹೊತ್ತಿಗೆ ಶಾಂಪೇನಿನ ಕೆಲವು ವ್ಯಾಪಾರಿಗಳು ಬೇರೆ ಸೀಮೆಗಳಿಂದ ಅಗ್ಗದ ದ್ರಾಕ್ಷಿ ಮತ್ತು ವೈನನ್ನು ರೈಲಿನಲ್ಲಿ ತರಿಸಿ, ಶಾಂಪೇನ್ ಎಂಬ ಚೀಟಿ ಅಂಟಿಸಿ ಮಾರತೊಡಗಿದರು. ಊರಿನ ದ್ರಾಕ್ಷಿಗೆ ಅವರು ಹೇಳಿದ್ದೇ ಬೆಲೆ. ೧೯೦೮ರಲ್ಲಿ ಸರ್ಕಾರವು ಶಾಂಪೇನ್ ಸೀಮೆಗೆ ಗಡಿ ಗುರುತು ಮಾಡಿತು, ಆದರೆ ಮೋಸ ನಿಲ್ಲಲಿಲ್ಲ. ೧೯೧೦ರಲ್ಲಿ ಮಳೆ, ರೋಗ, ಆಲಿಕಲ್ಲು ಎಲ್ಲ ಸೇರಿ ಬೆಳೆಯೇ ಹೋಯಿತು. ೧೯೧೧ರ ಜನವರಿಯಲ್ಲಿ ಮಾರ್ನ್ ಜಿಲ್ಲೆಯ ರೈತರು ಹೊರಗಿನ ಮಾಲು ತುಂಬಿದ ಗಾಡಿಗಳನ್ನು ತಡೆದು ಪೀಪಾಯಿಗಳನ್ನು ಒಡೆದರು. ಗಡಿಯ ಕಾನೂನು ಕೈತಪ್ಪುತ್ತದೆ ಎಂಬ ಸುದ್ದಿ ಬಂದಾಗ, ಏಪ್ರಿಲಿನಲ್ಲಿ, ಬೂಝಿಗೆ ಅಷ್ಟೇನೂ ದೂರವಿಲ್ಲದ ಆಯಿ ಎಂಬ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು. ಸೈನ್ಯ ಬರಬೇಕಾಯಿತು.

ಬೆಂಕಿ ಹಚ್ಚಿದ್ದು ಸರಿಯೆಂದು ನಾನು ಹೇಳಲಾರೆ. ಆದರೆ ಆ ಬೆಂಕಿ ಆರಿದ ಮೇಲೆ ಅವರು ಮಾಡಿದ ಕೆಲಸ ಗಮನಿಸತಕ್ಕದ್ದು. ಪ್ರತಿ ಊರಿನ ದ್ರಾಕ್ಷಿಗೂ ಗುಣಕ್ಕೆ ತಕ್ಕಂತೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಿದರು. ಬೂಝಿಗೆ ನೂರಕ್ಕೆ ನೂರು. ಆ ವರ್ಷ ಕೆ.ಜಿ.ಗೆ ಹತ್ತು ಎಂದು ಬೆಲೆ ನಿಂತರೆ ಬೂಝಿಯವರಿಗೆ ಹತ್ತು, ೮೦ ಅಂಕದ ಊರಿಗೆ ಎಂಟು. ಕೊಯ್ಲಿಗೆ ಮೊದಲೇ ರೈತರ ಕಡೆಯವರೂ ವ್ಯಾಪಾರಿಗಳ ಕಡೆಯವರೂ ಒಂದೇ ಮೇಜಿನಲ್ಲಿ ಕುಳಿತು ಬೆಲೆ ಗೊತ್ತು ಮಾಡುವ ಪದ್ಧತಿ ಬಂತು. ೧೯೨೭ರ ಕಾನೂನು ಗಡಿಯನ್ನೂ ತಳಿಗಳನ್ನೂ ಖಚಿತಪಡಿಸಿತು. ೧೯೩೫ರಲ್ಲಿ ಊರಿನ ಹೆಸರನ್ನು ಕಾಯುವ ಕಾನೂನು ಇಡೀ ದೇಶಕ್ಕೆ ಬಂತು. ೧೯೪೧ರಲ್ಲಿ ರೈತರಿಗೂ ವ್ಯಾಪಾರಿಗಳಿಗೂ ಸಮ ಪಾಲಿರುವ ಒಂದು ಮಂಡಳಿ ಏರ್ಪಟ್ಟಿತು. ಅದು ಇಂದೂ ಕೆಲಸ ಮಾಡುತ್ತಿದೆ. ಅಂಕದ ಮೇಲೆ ಕಡ್ಡಾಯ ಬೆಲೆ ಕಟ್ಟುವ ಪದ್ಧತಿ ೧೯೯೦ರಲ್ಲಿ ನಿಂತಿತು. ಆದರೆ ಮುನ್ನೂರಕ್ಕೂ ಮೇಲ್ಪಟ್ಟ ಊರುಗಳಲ್ಲಿ ನೂರಕ್ಕೆ ನೂರು ಪಡೆದ ೧೭ ಊರುಗಳ ಹೆಸರು ಮಾತ್ರ ಇಂದಿಗೂ ಸೀಸೆಯ ಮೇಲೆ ಬೆಲೆ ತರುತ್ತಿದೆ. ಆ ಹದಿನೇಳರಲ್ಲಿ ಬೂಝಿಯೂ ಒಂದು.

ಹಾಗಾದರೆ ಬೂಝಿಯ ರೈತ ಈ ಹೆಸರಿಗೆ ಏನು ತೆರುತ್ತಾನೆ? ಮನಸ್ಸಿಗೆ ಬಂದ ತಳಿ ನೆಡುವಂತಿಲ್ಲ. ಅಲ್ಲಿ ಮುಖ್ಯವಾಗಿ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಸವರುವ ಕ್ರಮಗಳು ಇಂತಿಂಥವು ಎಂದು ಗೊತ್ತು ಮಾಡಿದೆ. ಪ್ರತಿ ಊರಿಗೂ ಪ್ರತಿ ತಳಿಗೂ ಕೊಯ್ಲು ಆರಂಭಿಸುವ ದಿನ ಪ್ರಕಟವಾಗುತ್ತದೆ. ಅದಕ್ಕೆ ಮೊದಲು ಕತ್ತರಿ ಎತ್ತುವಂತಿಲ್ಲ. ಕೊಯ್ಲು ಕೈಯಿಂದಲೇ, ಗೊಂಚಲು ಇಡಿಯಾಗಿಯೇ. ಗಾಣಕ್ಕೆ ಹಾಕಿದ ೪,೦೦೦ ಕೆ.ಜಿ. ಹಣ್ಣಿನಿಂದ ೨,೫೫೦ ಲೀಟರ್ ರಸವನ್ನಷ್ಟೇ ತೆಗೆಯಬಹುದು. ಇನ್ನೂ ಹಿಂಡಿದರೆ ಬರುತ್ತದೆ, ಆದರೆ ಅದಕ್ಕೆ ಆ ಹೆಸರಿಲ್ಲ.

ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಹೇಗೆ ಎಂದು ನೀವು ಕೇಳಬಹುದು. ನಮ್ಮ ಬ್ಲೂ ಹಣ್ಣನ್ನು ಬೆರಳಿನಲ್ಲಿ ಒತ್ತಿ ನೋಡಿ, ತಿರುಳು ಹಸಿರುಬಿಳಿ, ಬಣ್ಣವೆಲ್ಲ ಸಿಪ್ಪೆಯಲ್ಲಿ. ಪಿನೋ ನ್ವಾರ್ ಕೂಡ ಹಾಗೆಯೇ. ಜಜ್ಜದೆ, ಗಾಯವಾಗದೆ, ಮೆಲ್ಲನೆ ಹಿಂಡಿದರೆ ಬಣ್ಣವಿಲ್ಲದ ರಸ ಬರುತ್ತದೆ. ಕೈಕೊಯ್ಲಿನ ಕಟ್ಟುನಿಟ್ಟಿಗೆ ಇದೇ ಕಾರಣ. ದೋಸೆಹಿಟ್ಟು ಹುಳಿಯುವಂತೆ ರಸವೂ ಹುದುಗುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಶಾಂಪೇನಿನಲ್ಲಿ ಎರಡನೆಯ ಬಾರಿಗೆ ಮುಚ್ಚಿದ ಸೀಸೆಯೊಳಗೇ ಹುದುಗಿಸುವುದರಿಂದ ಅನಿಲ ಒಳಗೇ ಉಳಿದು ನೊರೆಯಾಗುತ್ತದೆ. ಸೀಸೆಗೆ ತುಂಬಿದ ಮೇಲೆ ಕನಿಷ್ಠ ೧೫ ತಿಂಗಳು ನೆಲಮಾಳಿಗೆಯಲ್ಲಿ ಇರಿಸಬೇಕು. ವೈನಿನ ವಿಷಯ ನಮಗೆ ಇಷ್ಟು ಸಾಕು.

ಇನ್ನು ನಂಟಿನ ಮಾತು. ಆ ಬೂಝಿಗೆ ಅನೇಕ ವರ್ಷ ಮೇಯರ್ ಆಗಿದ್ದವರು, ಅಂದರೆ ನಮ್ಮ ಪಂಚಾಯಿತಿ ಅಧ್ಯಕ್ಷರಿದ್ದಂತೆ, ಜಾರ್ಜ್ ವೆಸೆಲ್ ಎಂಬ ದ್ರಾಕ್ಷಿಗಾರರು. ಮಮ್ ಎಂಬ ದೊಡ್ಡ ಕಂಪನಿಯ ತೋಟಗಳ ಉಸ್ತುವಾರಿಯೂ ಅವರದಾಗಿತ್ತು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಭಾರತದಲ್ಲಿ ಫ್ರೆಂಚ್ ತಳಿ ಬೆಳೆಯಬಹುದೇ ಎಂದು ಕೇಳಿದಾಗ ಈ ವೆಸೆಲ್ ಅವರು ಬಂದು ನೆಲ ನೋಡಿದರು. ಫ್ರಾನ್ಸಿನಿಂದ ಮೂವತ್ತಕ್ಕೂ ಹೆಚ್ಚು ತಳಿಗಳನ್ನು ತರಿಸಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಕೊನೆಗೆ ಆರಿಸಿದ ಜಾಗ ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಹತ್ತಿರ. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಮ್ಮಣ್ಣು, ಇವೇ ಆ ಆಯ್ಕೆಗೆ ಕಾರಣ. ೧೯೮೮ರಲ್ಲಿ ಕಂಪನಿ ಸ್ಥಾಪನೆಯಾಯಿತು, ೧೯೯೨ರಲ್ಲಿ ಮೊದಲ ವೈನ್ ಹೊರಬಂತು. ೨೦೧೨ರಲ್ಲಿ ನಾಸಿಕದ ಒಂದು ಕಂಪನಿಯೊಂದಿಗೆ ಸೇರಿ ಗ್ರೋವರ್ ಝಂಪಾ ಎಂಬ ಹೆಸರಾಯಿತು. ೨೦೦೭ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು ಒಂದು ಮಂಡಳಿಯನ್ನೂ ರಚಿಸಿದೆ. ನಂದಿ ಕಣಿವೆ ಎಂಬ ಹೆಸರು ಹೊರಗೆ ಕೇಳುವಂತಾದದ್ದು ಹೀಗೆ.

ಇದನ್ನು ಓದಿ ಯಾರಾದರೂ ನಾಳೆಯೇ ಬ್ಲೂ ಕಿತ್ತು ಶಿರಾಜ್, ಕ್ಯಾಬರ್ನೆ ನೆಡಲು ಹೊರಟರೆ ನಾನು ಅಡ್ಡ ನಿಲ್ಲುತ್ತೇನೆ. ವೈನ್ ತಳಿಯ ಕಾಯಿ ಸಣ್ಣದು, ಬೀಜ ತುಂಬಿರುವುದು, ಸಿಪ್ಪೆ ದಪ್ಪ. ವೈನ್ ಕಾರ್ಖಾನೆ ಬೇಡವೆಂದರೆ ಅದನ್ನು ಸಂತೆಯಲ್ಲಿ ಕೊಳ್ಳುವವರಿಲ್ಲ. ಕಸಿ ಗಿಡ, ಹನಿ ನೀರಾವರಿ, ತಂತಿ, ಕಂಬ ಎಲ್ಲ ಖರ್ಚು ಮೊದಲೇ, ಫಸಲು ಆಮೇಲೆ. ಕೊಳ್ಳುವವರೊಡನೆ ಬರಹದಲ್ಲಿ ಒಪ್ಪಂದವಾಗದೆ, ಸಕ್ಕರೆ ಅಂಶ ಎಷ್ಟಿರಬೇಕು, ಅಳೆಯುವವರು ಯಾರು, ಮಳೆಯಲ್ಲಿ ಹಣ್ಣು ಬಿರಿದರೆ ನಷ್ಟ ಯಾರದು ಎಂಬುದನ್ನು ಬರೆಸಿಕೊಳ್ಳದೆ ಒಂದು ಗುಂಡಿಯನ್ನೂ ತೆಗೆಯಬೇಡಿ. ಬ್ಲೂ ಹಾಗಲ್ಲ. ತಿನ್ನುವುದಕ್ಕೂ ಹೋಗುತ್ತದೆ, ರಸಕ್ಕೂ ಹೋಗುತ್ತದೆ, ಸಿಹಿ ವೈನಿಗೂ ಹೋಗುತ್ತದೆ. ಮೂರು ಬಾಗಿಲಿರುವ ಮನೆ.

ಬ್ಲೂ ಬಗ್ಗೆ ಇನ್ನೊಂದು ವಿಚಿತ್ರ. ಇದರ ಮೈಯಲ್ಲಿ ಹರಿಯುವುದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ. ಇಸಾಬೆಲ್ಲಾ ಎಂಬ ತಳಿಯ ಬಳಗದ್ದು. ಮೂಗಿಗೆ ಬಡಿಯುವ ಆ ಗಾಢವಾದ ವಾಸನೆ ಅಲ್ಲಿಂದಲೇ ಬಂದದ್ದು. ಅದೇ ವಾಸನೆ ಫ್ರೆಂಚರಿಗೆ ಹಿಡಿಸದು. ವೈನ್ ಮಿತಿಮೀರಿ ತಯಾರಾಗುತ್ತಿದ್ದ ಕಾಲದಲ್ಲಿ, ೧೯೩೪ರಲ್ಲಿ, ಫ್ರಾನ್ಸ್ ದೇಶವು ಇಸಾಬೆಲ್ಲಾವೂ ಸೇರಿ ಆರು ಅಮೆರಿಕ ಮೂಲದ ತಳಿಗಳ ವೈನನ್ನು ನಿಷೇಧಿಸಿತು. ಅಲ್ಲಿ ಹೊರಹಾಕಿದ ಬಳಗದ ಬಳ್ಳಿ ನಮ್ಮಲ್ಲಿ ಸುಮಾರು ನೂರೈವತ್ತು ವರ್ಷದಿಂದ ಮನೆಮಗಳಂತೆ ಬೆಳೆದಿದೆ. ಮಳೆಗಾಲದ ರೋಗವನ್ನು ಉಳಿದ ತಳಿಗಳಿಗಿಂತ ಚೆನ್ನಾಗಿ ತಾಳುತ್ತದೆ. ದಿಲ್‌ಖುಷ್ ಬೆಳೆದವರಿಗೆ ಈ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನೇ ತಾಯಿಯಾಗಿಟ್ಟುಕೊಂಡು ಅರ್ಕ ಶ್ಯಾಮ, ಅರ್ಕ ಹಂಸ, ಅರ್ಕ ತೃಷ್ಣಾ ಮುಂತಾದ ಹೊಸ ತಳಿಗಳನ್ನು ಮಾಡಿದ್ದಾರೆ.

ಈಗ ನಮ್ಮ ಊರಿನ ಸಂಘದ ವಿಷಯಕ್ಕೆ ಬರೋಣ. ಒಟ್ಟಾಗಿ ಮಾರುವ ಬುದ್ಧಿ ಬೂಝಿಯವರಿಗೆ ಮಾತ್ರ ಬಂದದ್ದಲ್ಲ. ನೀವು ಪೇಟೆಯಲ್ಲಿ ಹಾಪ್‌ಕಾಮ್ಸ್ ಮಳಿಗೆಗಳನ್ನು ನೋಡಿದ್ದೀರಿ. ಅದು ಹುಟ್ಟಿದ್ದು ತರಕಾರಿ ಅಂಗಡಿಯಾಗಿ ಅಲ್ಲ. ೧೯೫೯ರ ಸೆಪ್ಟೆಂಬರ್ ೧೦ರಂದು, ತೋಟಗಾರಿಕೆಯ ಹಿರಿಯರಾದ ಡಾ. ಎಂ. ಎಚ್. ಮರಿಗೌಡರ ಮುಂದಾಳುತನದಲ್ಲಿ, ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ಎಂದು ಅದು ಆರಂಭವಾಯಿತು. ದ್ರಾಕ್ಷಿಗಾರರು ದಲ್ಲಾಳಿಯ ಕೈಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಕಟ್ಟಿದ ಸಂಘ! ಆಮೇಲೆ ಬೇರೆ ಹಣ್ಣು, ತರಕಾರಿಗಳೂ ಸೇರಿದವು. ೧೯೮೭ರಲ್ಲಿ ಹೆಸರು ಬದಲಾಯಿತು. ಎಲ್ಲ ಬೆಳೆಗಾರರಿಗೂ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ದ್ರಾಕ್ಷಿ ಎಂಬ ಮಾತು ಫಲಕದಿಂದ ಹೋದಂತೆ ನಮ್ಮ ಮನಸ್ಸಿನಿಂದಲೂ ಹೋಯಿತೇನೋ. ಇಂದು ಎಷ್ಟೋ ಚಪ್ಪರಗಳು ಹೂವಿನ ಹಂತದಲ್ಲೇ ಗುತ್ತಿಗೆಗೆ ಹೋಗುತ್ತವೆ. ಕೊಯ್ಲಿನ ದಿನವನ್ನು ಗೊತ್ತು ಮಾಡುವವನು ಲಾರಿಯವನು. ಅವನಿಗೆ ಬೇಗ ಬೇಕಾದರೆ ಹುಳಿ ಹಣ್ಣೂ ಪೇಟೆಗೆ ಹೋಗುತ್ತದೆ. ತಿಂದವರು ಮುಖ ಹಿಂಡುತ್ತಾರೆ. ಮರುವಾರ ಹದವಾಗಿ ಮಾಗಿದ ಹಣ್ಣು ತಂದವನಿಗೂ ಬೆಲೆ ಬೀಳುತ್ತದೆ. ಬೂಝಿಯಲ್ಲಿ ಕೊಯ್ಲಿನ ದಿನವನ್ನು ಏಕೆ ಪ್ರಕಟಿಸುತ್ತಾರೆ ಎಂಬುದು ಇದರಿಂದ ತಿಳಿಯಬಹುದು.

ಅವರಿಗೆ ೧೯೩೫ರಲ್ಲಿ ದೊರೆತಂತಹ ಕಾನೂನು ನಮಗೆ ಬಂದದ್ದು ೧೯೯೯ರಲ್ಲಿ, ೨೦೦೩ರಿಂದ ಜಾರಿಯಲ್ಲಿದೆ. ಇದಕ್ಕೆ ಭೌಗೋಳಿಕ ಸೂಚಿ ಎಂದು ಹೆಸರು, ನಮ್ಮವರು ಜಿ.ಐ. ಎನ್ನುತ್ತಾರೆ. ಇದರಡಿಯಲ್ಲಿ ೨೦೧೩ರಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ಹೆಸರು ನೋಂದಣಿಯಾಯಿತು. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ, ದೇವನಹಳ್ಳಿ ಚಕ್ಕೋತಕ್ಕೆ ಇರುವಂತೆ ನಮ್ಮ ದ್ರಾಕ್ಷಿಗೂ ಕಾನೂನಿನ ಹೆಸರಿದೆ. ಹೀಗಿದ್ದೂ ಚಪ್ಪರವಿರುವ ಹತ್ತು ಮನೆಗಳಲ್ಲಿ ಕೇಳಿದರೆ ಎಂಟರಲ್ಲಿ "ಅದೇನು ಸಾರ್, ಅದರಿಂದ ನಮಗೇನು ಬಂತು?" ಎನ್ನುತ್ತಾರೆ. ಕೇಳುವುದು ನ್ಯಾಯವೇ. ಹೆಸರು ಪುಸ್ತಕದಲ್ಲಿದ್ದರೆ ಏನೂ ಬರುವುದಿಲ್ಲ. ಆ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕಿ ಮಾರಬೇಕಾದರೆ ಬೆಳೆಗಾರನು ಅಧಿಕೃತ ಬಳಕೆದಾರನೆಂದು ಚೆನ್ನೈಯ ಜಿ.ಐ. ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. ಇದಕ್ಕಿದ್ದ ಶುಲ್ಕ ೫೦೦ ರೂಪಾಯಿಯನ್ನು ೨೦೨೦ರಲ್ಲಿ ೧೦ ರೂಪಾಯಿಗೆ ಇಳಿಸಿದ್ದಾರೆ. ಒಂದು ಲೋಟ ಕಾಫಿಯ ದುಡ್ಡು.

ಹೆಸರಿನಿಂದ ಕೆಲಸವಾಗುತ್ತದೆಯೇ ಎಂಬ ಸಂಶಯಕ್ಕೆ ಪಕ್ಕದ ಹೊಲದಲ್ಲೇ ಸಾಕ್ಷಿ ಇದೆ. ನಮ್ಮ ಸೀಮೆಯ ಗುಲಾಬಿ ಈರುಳ್ಳಿಗೂ ಜಿ.ಐ. ಇದೆ. ೨೦೨೪ರಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ನೂರಕ್ಕೆ ೪೦ರಂತೆ ಸುಂಕ ಹಾಕಿದ್ದಾಗ, ಮೇ ತಿಂಗಳ ಕೊನೆಯಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಷರತ್ತು ಒಂದೇ: ಇದು ಆ ಈರುಳ್ಳಿಯೇ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು. ಹೆಸರೂ ಗುರುತೂ ಬೇರೆಯಾಗಿದ್ದುದರಿಂದಲೇ ಉಳಿದ ಈರುಳ್ಳಿಯಿಂದ ಅದನ್ನು ಬೇರೆ ಮಾಡಿ ನೋಡಲು ಸಾಧ್ಯವಾಯಿತು.

ನಮ್ಮಲ್ಲಿ ಇನ್ನೊಂದು ಕಷ್ಟ ಬೂಝಿಯವರಿಗಿಲ್ಲದ್ದು, ಅದನ್ನು ಮುಚ್ಚಿಡಬಾರದು. ಶಾಂಪೇನಿನಲ್ಲಿ ದ್ರಾಕ್ಷಿ ನೆಲದ ಎಕರೆಗೆ ನಮ್ಮ ಲೆಕ್ಕದಲ್ಲಿ ಕೋಟಿಗಟ್ಟಲೆ ಬೆಲೆ. ಯಲಹಂಕ, ದೇವನಹಳ್ಳಿಯಲ್ಲಿಯೂ ಕೋಟಿಗಟ್ಟಲೆ ಬೆಲೆ. ವ್ಯತ್ಯಾಸವೇನೆಂದರೆ ಅಲ್ಲಿ ಬಳ್ಳಿ ಇದ್ದರೆ ಆ ಬೆಲೆ, ಇಲ್ಲಿ ಬಳ್ಳಿ ಕಿತ್ತರೆ ಆ ಬೆಲೆ. ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದಾರಿಯ ಎರಡೂ ಕಡೆ ಚಪ್ಪರದ ಕಲ್ಲುಕಂಬಗಳು ಬಡಾವಣೆಯ ಬೇಲಿಗೆ ಹೋದುದನ್ನು ನೀವೇ ಕಂಡಿದ್ದೀರಿ. ಮಗಳ ಮದುವೆ, ಮಗನ ಓದು, ಬತ್ತಿದ ಬೋರ್‌ವೆಲ್, ಇವುಗಳ ಮುಂದೆ ನಿಂತು "ಮಾರಬೇಡಿ" ಎಂದು ಬೋಧಿಸುವ ಧೈರ್ಯ ನನಗಿಲ್ಲ. ಮಾರದೆ ಉಳಿಸಿಕೊಂಡವರಿಗೆ ಹಣ್ಣಿನ ಹೆಸರಿಗೆ ನಾಲ್ಕು ಕಾಸು ಹೆಚ್ಚು ಬರುವಂತಾಗಲಿ ಎಂಬಷ್ಟೇ ನನ್ನ ಲೆಕ್ಕ.

ಅದಕ್ಕೆ ಇಡೀ ಜಿಲ್ಲೆ ಒಟ್ಟಾಗಬೇಕಾಗಿಲ್ಲ. ಬೂಝಿಯೂ ಒಂದೇ ಊರು. ಒಂದು ಊರಿನ ಹತ್ತು ಹನ್ನೆರಡು ಚಪ್ಪರದವರು ಈ ಸವರುವಿಕೆಯಿಂದಲೇ ಆರಂಭಿಸಬಹುದು. ಯಾರು ಯಾವ ದಿನ ಸವರಿದರು, ಎಷ್ಟು ಸಲ ಯಾವ ಔಷಧ ಹೊಡೆದರು, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ಎಷ್ಟು ದಿನ ಬಿಟ್ಟರು ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಸಕ್ಕರೆ ಅಂಶ ನೋಡುವ ಕೈದುರ್ಬೀನು, ಅಂಗಡಿಯವರು ರಿಫ್ರಾಕ್ಟೋಮೀಟರ್ ಎನ್ನುತ್ತಾರೆ, ಊರಿಗೆ ಒಂದಿದ್ದರೆ ಸಾಕು. ಎಲ್ಲರೂ ಹಣ ಹಾಕಿ ಕೊಂಡರೆ ಭಾರವಾಗದು. ಇಷ್ಟು ಬ್ರಿಕ್ಸ್ ಬರದೆ ಯಾರೂ ಕೊಯ್ಯಬಾರದೆಂದು ನಿಮ್ಮಲ್ಲೇ ಮಾತಾಡಿಕೊಳ್ಳಿ. ಬ್ಲೂಗೆ ೧೬ ಎಂದು ಇಟ್ಟುಕೊಂಡರೆ ತಪ್ಪಾಗಲಾರದು. ಎಲ್ಲರೂ ಒಂದೇ ದಿನ ಸವರಿದರೆ ಎಲ್ಲರ ಹಣ್ಣೂ ಒಂದೇ ವಾರ ಬಂದು ಬೆಲೆ ಬೀಳುತ್ತದೆ. ಆದುದರಿಂದ ಹತ್ತು ಹತ್ತು ದಿನದ ಅಂತರದಲ್ಲಿ ಸವರುವ ಸರದಿಯನ್ನೂ ಆಗಲೇ ಮಾಡಿಕೊಳ್ಳಬೇಕು. ಹೀಗೆ ಎರಡು ತಿಂಗಳ ಕಾಲ ಒಂದೇ ಗುಣದ ಹಣ್ಣು ಕೊಡಬಲ್ಲೆವು ಎಂದು ಪುಸ್ತಕ ತೋರಿಸಿ ಕೇಳಿದರೆ, ರಸದ ಕಾರ್ಖಾನೆಯವರಾಗಲಿ ಪೇಟೆಯ ದೊಡ್ಡ ಅಂಗಡಿಯವರಾಗಲಿ ಕುಳಿತು ಮಾತನಾಡುತ್ತಾರೆ. ಒಂಟಿಯಾಗಿ ಹೋದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ.

ಜಿ.ಐ. ಬಳಕೆದಾರರ ಅರ್ಜಿಗೆ ನಮೂನೆ ಜಿ.ಐ.-೩ ಎಂಬುದಿದೆ. ತುಂಬುವ ಕ್ರಮವನ್ನು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಗುಂಪಾಗಿ ಹೋದರೆ ಒಂದೇ ದಿನದಲ್ಲಿ ಎಲ್ಲರದೂ ತಯಾರಾಗುತ್ತದೆ. ಹೋಗುವ ಮೊದಲು ನಿಮ್ಮ ಪಹಣಿಯನ್ನು ತೆಗೆಸಿ ಬೆಳೆಯ ಕಲಂ ನೋಡಿಕೊಳ್ಳಿ. ಇಪ್ಪತ್ತು ವರ್ಷದ ದ್ರಾಕ್ಷಿ ಚಪ್ಪರವಿದ್ದರೂ ಅಲ್ಲಿ ರಾಗಿ ಎಂದೇ ಬರುತ್ತಿರುವ ಜಮೀನುಗಳು ನನ್ನ ಕಣ್ಣಿಗೇ ಬಿದ್ದಿವೆ. ಹಾಗಿದ್ದರೆ ಮುಂದಿನ ಬೆಳೆ ಸಮೀಕ್ಷೆಯಲ್ಲಿ ಚಪ್ಪರದ ಕೆಳಗೇ ನಿಂತು ಫೋಟೋ ಹಿಡಿಸಿ ದ್ರಾಕ್ಷಿ ಎಂದು ಸರಿಪಡಿಸಿಕೊಳ್ಳಬೇಕು. ತೋಟದಲ್ಲಿ ಬ್ಲೂ ಇರುವಾಗ ಕಾಗದದಲ್ಲಿ ರಾಗಿ ಇದ್ದರೆ ಚೆನ್ನೈಯವರು ಕಾಗದವನ್ನೇ ನಂಬುತ್ತಾರೆ.